ಪೈಪು ತೊಡಿಸುವ ಮೊದಲು: ತುಕ್ಕು ಹಿಡಿದ ಬೋಲ್ಟುಗಳ ಪ್ರಶ್ನೋತ್ತರ

ಮಳೆ ಹಿಂದೆ ಸರಿದು ಹಳೆ ಗಾಡಿಗಳನ್ನು ರಿಪೇರಿಗೆ ಎತ್ತುವ ಕಾಲ ಇದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಗೋಳು ಒಂದೇ, ಬಿಚ್ಚಲು ಬಾರದ ಬೋಲ್ಟು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳೆ ಅಂಬಾಸಿಡರ್ ಕಾರಿನ ಬಂಪರ್ ಬ್ರಾಕೆಟ್ಟಿನ ಬೋಲ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ, ಅದಕ್ಕೆ ಮೂರಡಿಯ ಜಿಐ ಪೈಪು ತೊಡಿಸಿ ಎಳೆದೆ. ಬೋಲ್ಟು ಬಿಚ್ಚಲಿಲ್ಲ, ತಲೆ ಮಾತ್ರ ಕಿತ್ತು ಬಂತು. ಇನ್ನೂ ಮೂರು ಬೋಲ್ಟು ಉಂಟು. ಅವು ಮುರಿಯದ ಹಾಗೆ ತೆಗೆಯುವುದು ಹೇಗೆ? (ಪೆರ್ಲ)

ಉತ್ತರ: ಮೂರಡಿ ಪೈಪಿನ ತುದಿಗೆ 50 ಕೆ.ಜಿ. ಭಾರ ಬಿಟ್ಟರೆ ಬೋಲ್ಟಿನ ಮೇಲೆ ಸುಮಾರು 450 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. 10 ಮಿ.ಮೀ. ದಪ್ಪದ 8.8 ಗ್ರೇಡಿನ (ಇದು ಉಕ್ಕಿನ ಗಟ್ಟಿತನದ ದರ್ಜೆ) ಹೊಸ ಬೋಲ್ಟನ್ನು ಬಿಗಿಮಾಡುವುದೇ ಸುಮಾರು 48 ನ್ಯೂಟನ್ ಮೀಟರಿಗೆ. ನೀವು ಹಾಕಿದ್ದು ಅದರ ಒಂಬತ್ತು ಪಟ್ಟು. ತಲೆ ಹಾರದೆ ಇನ್ನೇನಾದೀತು?

ಕಬ್ಬಿಣ ತುಕ್ಕಾಗುವಾಗ ಗಾತ್ರದಲ್ಲಿ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಥ್ರೆಡ್ಡುಗಳ ನಡುವೆ ಮೊದಲೇ ಇರುವುದು ಕೂದಲೆಳೆಯಷ್ಟು ಸಂದಿ. ಅದರೊಳಗೆ ಉಬ್ಬಿದ ತುಕ್ಕು ಬೆಣೆಯ ಹಾಗೆ ಕೂತುಬಿಡುತ್ತದೆ. ಅದನ್ನು ಪುಡಿಮಾಡಬೇಕು, ಪುಡಿ ಹೊರಗೆ ಬರಲು ದಾರಿ ಕೊಡಬೇಕು. ಒಂದೇ ದಿಕ್ಕಿಗೆ ಜಗ್ಗಿದರೆ ಇವೆರಡೂ ಆಗುವುದಿಲ್ಲ.

ಉಳಿದ ಮೂರಕ್ಕೆ ಹೀಗೆ ಮಾಡಿ. ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಶ್ಶಿನಿಂದ ಉಜ್ಜಿ, ಲೋಹ ಕಾಣಲಿ. ಎಣ್ಣೆ (ಯಾವುದೆಂದು ಮುಂದಿನ ಉತ್ತರದಲ್ಲಿದೆ) ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಅರ್ಧ ಕೆ.ಜಿ. ಸುತ್ತಿಗೆಯಿಂದ ಬೋಲ್ಟಿನ ತಲೆಯ ಮೇಲೆ ನೇರವಾಗಿ ಹದಿನೈದು-ಇಪ್ಪತ್ತು ಏಟು ಹಾಕಿ. ಏಟು ಗಟ್ಟಿಯಾಗಿರಲಿ, ಆದರೆ ತಲೆ ಚಪ್ಪಟೆಯಾಗುವಷ್ಟು ಬೇಡ. ಆಮೇಲೆ ಸ್ಪ್ಯಾನರ್ ಹಾಕಿ ಮೊದಲು ಬಿಗಿಯುವ ಕಡೆಗೇ ಒಂದು ಚೂರು ಒತ್ತಿ. ತುಕ್ಕಿನ ಹಿಡಿತ ಸಡಿಲುವುದು ಎಷ್ಟೋ ಸಲ ಆ ಕಡೆಗೇ. ಅಲುಗಿತೆಂದರೆ ಕಾಲು ಸುತ್ತು ಬಿಚ್ಚಿ, ಅದರರ್ಧ ಹಿಂದಕ್ಕೆ ಬಿಗಿಯಿರಿ, ಎಣ್ಣೆ ಬಿಡಿ, ಮತ್ತೆ ಕಾಲು ಸುತ್ತು ಬಿಚ್ಚಿ. ಹೊರಬರುವ ಎಣ್ಣೆ ಕಂದು ಬಣ್ಣಕ್ಕೆ ತಿರುಗಿದ್ದರೆ ಪುಡಿ ಬರುತ್ತಿದೆ ಎಂದೇ ಅರ್ಥ.

ಕೈಗೆ ಸಿಗುವ ಸೂಚನೆಯನ್ನು ಕಡೆಗಣಿಸಬೇಡಿ. 'ಟಕ್' ಎಂದು ಚುರುಕಾದ ಸದ್ದು ಬಂದು ಬಿಗಿ ಇಳಿದರೆ ತುಕ್ಕು ಒಡೆದಿದೆ. 'ಕಿರ್ರ್' ಎಂದು ಕಿರುಚಿಕೊಂಡು ತಿರುಗುತ್ತಿದ್ದರೆ ಥ್ರೆಡ್ಡು ಒಣಗಿ ಒಂದನ್ನೊಂದು ಕೆರೆಯುತ್ತಿದೆ. ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ, ಎಣ್ಣೆ ಕೊಡಿ. ಸದ್ದೇ ಇಲ್ಲದೆ, ರಬ್ಬರು ತಿರುಚಿದ ಹಾಗೆ ಮೆತ್ತಗೆ ಬಂದು, ಕೈ ಬಿಟ್ಟರೆ ಸ್ಪ್ಯಾನರ್ ತುಸು ಹಿಂದಕ್ಕೆ ಹೋದರೆ ತಿರುಗುತ್ತಿರುವುದು ಬೋಲ್ಟಲ್ಲ, ಅದರ ಕತ್ತು. ಇನ್ನೊಂದು ಎಳೆತಕ್ಕೆ ಅದು ಹೋಗುತ್ತದೆ.

ಅಂಬಾಸಿಡರ್ ಇಂಚಿನ ಅಳತೆಯ ಗಾಡಿ, ಹಳೆ ಮಹೀಂದ್ರ ಜೀಪಿನ ಬಹುಭಾಗವೂ ಅಷ್ಟೆ. ಅರ್ಧ ಇಂಚಿನ ತಲೆ ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಜೋರು ಕೊಟ್ಟಾಗ ಮೂಲೆ ಸವೆಯುತ್ತದೆ. 9/16 ಇಂಚು 14.3 ಮಿ.ಮೀ., 14 ಹೋಗುವುದಿಲ್ಲ, 15 ಸಡಿಲ. 11/16 ಇಂಚಿಗೂ ಇದೇ ತೊಂದರೆ. 5/8 ಇಂಚಿಗೆ 16, 3/4 ಇಂಚಿಗೆ 19 ಸರಿಯಾಗಿ ಕೂರುತ್ತವೆ. ತುಕ್ಕು ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯ ರಿಂಗು ತಲೆಯ ಮೂಲೆಗಳನ್ನಷ್ಟೇ ಹಿಡಿಯುತ್ತದೆ, ಆರು ಮೂಲೆಯದು ಬದಿಗಳನ್ನು ಹಿಡಿಯುತ್ತದೆ.

ಇನ್ನು ತಲೆ ಹಾರಿದ ಬೋಲ್ಟು. ಅದಕ್ಕೆ ಮರುಗಬೇಕಾಗಿಲ್ಲ. ಯಾವ ಬೋಲ್ಟಿಗೂ ಕೈ ಹಾಕುವ ಮೊದಲು ಕೇಳಿಕೊಳ್ಳಬೇಕಾದ್ದು, ಇದು ಮುರಿದರೆ ಹೋಗುವುದು ಏನು ಎಂದು. ಹಿಂದೆ ಬಿಡಿ ನಟ್ಟು ಇರುವ ಬಂಪರಿನಲ್ಲಿ ಹೋಗುವುದು ಇಪ್ಪತ್ತು ರೂಪಾಯಿಯ ಸಾಮಾನು. ಎಂಜಿನ್ ಹೆಡ್ಡಿಗೆ ನೇರ ಕೂತ ಸ್ಟಡ್ಡಾದರೆ (ತಲೆಯಿಲ್ಲದ ಬೋಲ್ಟು) ಹೋಗುವುದು ಹೆಡ್ಡು. ಹೆಡ್ಡಿನದಕ್ಕೆ ಎರಡು ದಿನ ಕಾಯಬಹುದು. ಬಂಪರಿನದಕ್ಕೆ ಗ್ರೈಂಡರ್ ಹಿಡಿದು ನಟ್ಟು ಕತ್ತರಿಸಿ, ಹೊಸದು ಹಾಕಿ ಮುಗಿಸಿ.

ಪ್ರಶ್ನೆ: ಡಬ್ಲ್ಯುಡಿ-40 ಒಂದು ಡಬ್ಬಿ ಖಾಲಿಯಾಯಿತು, ಪ್ರಯೋಜನವಿಲ್ಲ. ಸೀಮೆಎಣ್ಣೆ ಒಳ್ಳೆಯದು ಅಂತ ಒಬ್ಬರು, ತೆಂಗಿನೆಣ್ಣೆ ಬಿಸಿಮಾಡಿ ಬಿಡಿ ಅಂತ ಇನ್ನೊಬ್ಬರು. ಬಿಂಬುಳಿ ರಸಕ್ಕೆ ತುಕ್ಕು ಬಿಡುತ್ತದೆ ಅಂತಲೂ ಹೇಳುತ್ತಾರೆ. ಯಾವುದು ಸರಿ? (ಮಂಜೇಶ್ವರ)

ಉತ್ತರ: ಡಬ್ಲ್ಯುಡಿ-40ನ್ನು ಮೊದಲು ತಯಾರಿಸಿದ್ದು ಲೋಹದ ಮೇಲಿನ ನೀರನ್ನು ಓಡಿಸಲು. ತುಕ್ಕಿನೊಳಗೆ ಇಳಿಯುವ ಕೆಲಸವನ್ನೂ ಮಾಡುತ್ತದೆ, ಆದರೆ ಸಾಧಾರಣ ಮಟ್ಟಕ್ಕೆ. ಡಬ್ಬಿ ಖಾಲಿಮಾಡುವುದರಿಂದ ಲಾಭವಿಲ್ಲ, ಏಕೆಂದರೆ ಒಂದು ಬೋಲ್ಟಿನ ಸಂದಿಗೆ ಇಳಿಯುವುದು ಕೆಲವು ಹನಿ ಮಾತ್ರ, ಉಳಿದದ್ದು ನೆಲಕ್ಕೆ. ಸಂಜೆ ನಾಲ್ಕು ಹನಿ, ಸುತ್ತಿಗೆಯಿಂದ ತಟ್ಟುವುದು. ಬೆಳಿಗ್ಗೆ ನಾಲ್ಕು ಹನಿ, ಮತ್ತೆ ತಟ್ಟುವುದು. ಎರಡು-ಮೂರು ದಿನ ಹೀಗೆ ಮಾಡಿದರೆ ಇಡೀ ಡಬ್ಬಿಗಿಂತ ಹೆಚ್ಚು ಕೆಲಸವಾಗುತ್ತದೆ. ಬೋಲ್ಟಿನ ನೆತ್ತಿಗೆ ಹೊಡೆದ ಎಣ್ಣೆ ಥ್ರೆಡ್ಡಿಗೆ ತಲುಪುವುದಿಲ್ಲ. ನಟ್ಟು ಮತ್ತು ವಾಶರ್ ಸೇರುವ ಕಡೆ, ಥ್ರೆಡ್ಡು ಹೊರಗೆ ಇಣುಕುವ ಕಡೆ ಬಿಡಬೇಕು.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ, ಪವರ್ ಸ್ಟಿಯರಿಂಗಿಗೆ ಹಾಕುವ ಕೆಂಪು ಎಟಿಎಫ್ ಎಣ್ಣೆ ಒಂದು ಪಾಲು, ಅಸಿಟೋನ್ ಒಂದು ಪಾಲು. ಎರಡೂ ಬೇರೆಯಾಗಿ ನಿಲ್ಲುತ್ತವೆ, ಪ್ರತಿ ಸಲ ಕುಲುಕಿ ಬಳಸಬೇಕು. ಗಾಜು ಅಥವಾ ಲೋಹದ ಪಾತ್ರೆಯಲ್ಲಿಡಿ. ಪೇಂಟಿಗೆ ತಾಗಿದರೆ ಪೇಂಟ್ ಏಳುತ್ತದೆ. ಅಸಿಟೋನ್ ಪೆಟ್ರೋಲಿನಷ್ಟೇ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಇದನ್ನು ಬಿಟ್ಟ ಬೋಲ್ಟಿಗೆ ಅದೇ ದಿನ ಬೆಂಕಿ ತೋರಿಸಬೇಡಿ.

ಸೀಮೆಎಣ್ಣೆ, ಡೀಸೆಲ್ ಎರಡೂ ತೆಳ್ಳಗಿವೆ, ಇಳಿಯುತ್ತವೆ. ಆದರೆ ಸೀಮೆಎಣ್ಣೆ ಬೇಗ ಒಣಗುತ್ತದೆ, ಎರಡಕ್ಕೂ ಜಾರುವ ಗುಣ ಕಡಿಮೆ. ಏನೂ ಇಲ್ಲದಲ್ಲಿ ಅಡ್ಡಿಯಿಲ್ಲ. ತೆಂಗಿನೆಣ್ಣೆ ಬೇಡ. ದಪ್ಪ, ಸಂದಿಗೆ ಇಳಿಯದು, ತಣ್ಣಗಾದರೆ ಗಟ್ಟಿಯಾಗುತ್ತದೆ. ಹಳೆ ಎಂಜಿನ್ ಆಯಿಲಿಗೂ ಇದೇ ಮಾತು. ಬಿಂಬುಳಿ ಹುಳಿಗೆ ತುಕ್ಕು ಕರಗುವುದು ನಿಜ, ಆದರೆ ಬಿಚ್ಚಿ ತೆಗೆದ ಸಾಮಾನಿಗೆ ಮಾತ್ರ. ರಸದಲ್ಲಿ ಒಂದು ರಾತ್ರಿ ಮುಳುಗಿಸಿ, ಉಜ್ಜಿ, ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಇಲ್ಲದಿದ್ದರೆ ಮಧ್ಯಾಹ್ನಕ್ಕೇ ಹೊಸ ತುಕ್ಕು. ಗಾಡಿಯಲ್ಲೇ ಇರುವ ಬೋಲ್ಟಿಗೆ ಹಿಂಡಿದರೆ ಹುಳಿ ಸಂದಿಯಲ್ಲಿ ನಿಂತು ತುಕ್ಕನ್ನು ಹೆಚ್ಚಿಸುತ್ತದೆ.

ಪ್ರಶ್ನೆ: ತೋಟದ ಕೆಲಸಕ್ಕೆ ಇಟ್ಟುಕೊಂಡ ಹಳೆ ಮಹೀಂದ್ರ ಜೀಪು. ಹಿಂದಿನ ಪ್ಲೇಟ್ ಸ್ಪ್ರಿಂಗಿನ ಬುಶ್ ಬದಲಿಸಬೇಕು. ಶ್ಯಾಕಲ್ (ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಅಲುಗಾಡುವ ಪಟ್ಟಿ) ಬೋಲ್ಟಿನ ನಟ್ಟು ಸುಲಭವಾಗಿ ಬಂತು, ಬೋಲ್ಟು ಮಾತ್ರ ಹೊರಗೆ ಬರುವುದಿಲ್ಲ. ಹೊಡೆದರೆ ಬುಶ್ಶಿನ ಸಮೇತ ಅಲುಗುತ್ತದೆ. ಕೆಳಗಿನ ಕಬ್ಬಿಣವೆಲ್ಲ ಇತರ ಗಾಡಿಗಳಿಗಿಂತ ಬೇಗ ತಿಂದುಹೋಗಿದೆ, ಕಾರಣ ಏನಿರಬಹುದು? (ಬದಿಯಡ್ಕ)

ಉತ್ತರ: ಇಲ್ಲಿ ಸಿಕ್ಕಿಕೊಂಡಿರುವುದು ಥ್ರೆಡ್ಡಲ್ಲ. ರಬ್ಬರ್ ಬುಶ್ಶಿನ ನಡುವೆ ಒಂದು ಕಬ್ಬಿಣದ ಕೊಳವೆ ಇರುತ್ತದೆ, ಬೋಲ್ಟಿನ ದಂಡು ಅದರೊಳಗೆ ಉದ್ದಕ್ಕೂ ತುಕ್ಕು ಹಿಡಿದು ಒಂದಾಗಿದೆ. ಎಣ್ಣೆ ಎರಡೂ ತುದಿಯಿಂದ ಕೆಲವು ಮಿ.ಮೀ. ಇಳಿದೀತು, ನಡುವಿನ ಎರಡಿಂಚು ಒಣಗಿಯೇ ಇರುತ್ತದೆ. ಸ್ಪ್ಯಾನರಿನಿಂದ ತಿರುಗಿಸಿದರೆ ರಬ್ಬರು ಹರಿದು ಬೋಲ್ಟೂ ಕೊಳವೆಯೂ ಜತೆಯಾಗಿ ಸುತ್ತುತ್ತವೆ. ಬುಶ್ ಹೇಗೂ ಬದಲಿಸುವವರು ನೀವು, ಹಾಗಾಗಿ ಬೋಲ್ಟು ಉಳಿಸುವ ಆಸೆ ಬಿಡಿ. ಉಳಿಯಬೇಕಾದ್ದು ಚಾಸಿಯ ಬ್ರಾಕೆಟ್ಟು ಮತ್ತು ಸ್ಪ್ರಿಂಗಿನ ಕಣ್ಣು.

ಮೊದಲು ಭಾರ ಇಳಿಸಿ. ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಡಿ. ಮುರಕಲ್ಲು ಪೇರಿಸಿ ಅದರ ಮೇಲೆ ಜೀಪು ನಿಲ್ಲಿಸುವ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಬೇಡ. ಮುರಕಲ್ಲು ಒಂದು ಮೂಲೆಗೆ ಭಾರ ಬಿದ್ದರೆ ಸೂಚನೆಯಿಲ್ಲದೆ ಬಿರಿಯುತ್ತದೆ, ಅಡಿಯಲ್ಲಿ ಮಲಗಿರುವವರು ನೀವು. ಇನ್ನೊಂದು ಜಾಕನ್ನು ಆಕ್ಸಲ್ ಅಡಿಗೆ ಕೊಟ್ಟು ತುಸು ಏರಿಸಿ ಇಳಿಸಿ, ಶ್ಯಾಕಲ್ ಪಟ್ಟಿ ಕೈಯಿಂದ ಅಲುಗಿಸಿದರೆ ಅಲುಗುವ ಹಂತಕ್ಕೆ ತನ್ನಿ. ಸ್ಪ್ರಿಂಗಿನ ಒತ್ತಡ ಇರುವಾಗ ಕತ್ತರಿಸಿದರೆ ಕೊನೆಯ ಚೂರು ತುಂಡಾಗುವ ಕ್ಷಣಕ್ಕೆ ಸ್ಪ್ರಿಂಗ್ ಚಿಮ್ಮುತ್ತದೆ.

ಹೊಡೆಯುವ ಪ್ರಯತ್ನ ಒಮ್ಮೆ ಮಾಡಿ. ನಟ್ಟನ್ನು ಬೋಲ್ಟಿನ ತುದಿಗೆ ಸಮವಾಗಿ ತಿರುಗಿಸಿ, ಮೇಲೆ ಹಿತ್ತಾಳೆಯ ತುಂಡು ಇಟ್ಟು, ಎರಡು ಕೆ.ಜಿ. ಸುತ್ತಿಗೆಯಿಂದ ಏಳೆಂಟು ಏಟು. ಒಂದಿಷ್ಟಾದರೂ ಸರಿದರೆ ಮುಂದುವರಿಸಿ. ಸರಿಯದಿದ್ದರೆ ಸಾಕು, ಇನ್ನೂ ಹೊಡೆದರೆ ಬ್ರಾಕೆಟ್ಟಿನ ಕಿವಿ ಬಾಗುತ್ತದೆ.

ಕತ್ತರಿಸುವ ಜಾಗ ಬುಶ್ಶಿನ ಮುಖಕ್ಕೂ ಶ್ಯಾಕಲ್ ಪಟ್ಟಿಗೂ ನಡುವಿನ ಸಂದಿ. ರಬ್ಬರಿನ ಅಂಚನ್ನು ಚಾಕುವಿನಿಂದ ಕೆತ್ತಿ ತೆಗೆದರೆ ಸಂದಿ ಅಗಲವಾಗುತ್ತದೆ. ನಾಲ್ಕಿಂಚಿನ ಗ್ರೈಂಡರಿಗೆ 1 ಮಿ.ಮೀ. ದಪ್ಪದ ಕಟಿಂಗ್ ಡಿಸ್ಕ್ ಹಾಕಿ ಎರಡೂ ಬದಿ ಕೊಯ್ಯಿರಿ. ಡಿಸ್ಕನ್ನು ಓರೆ ಮಾಡಬಾರದು, ಮಾಡಿದರೆ ಸಿಡಿಯುತ್ತದೆ. ಗ್ರೈಂಡರಿನ ಗಾರ್ಡ್ ತೆಗೆಯಲೇಬೇಡಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಗ್ರೈಂಡರ್ ಹೋಗದ ಕಡೆ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಕೈಯಿಂದಲೇ ಕೊಯ್ಯಬೇಕಾಗುತ್ತದೆ, ನಿಧಾನ. ಕಿಡಿ ಯಾವ ಕಡೆ ಹಾರುತ್ತದೆಂದು ನೋಡಿಕೊಳ್ಳಿ. ಡೀಸೆಲ್ ಪೈಪು, ಬ್ರೇಕ್ ಹೋಸು ಇದ್ದರೆ ಒದ್ದೆ ಗೋಣಿ ಮುಚ್ಚಿ, ಒಂದು ಬಾಲ್ದಿ ನೀರು ಪಕ್ಕದಲ್ಲಿರಲಿ. ರಬ್ಬರಿಗೆ ಹಿಡಿದ ಬೆಂಕಿ ಹೊರಗೆ ಆರಿದಂತೆ ಕಂಡು ಒಳಗೆ ಉರಿಯುತ್ತಿರುತ್ತದೆ.

ಸ್ಪ್ರಿಂಗ್ ಕಣ್ಣಿನಲ್ಲಿ ಉಳಿದ ಹಳೆ ಬುಶ್ಶನ್ನು ಸುಟ್ಟು ತೆಗೆಯುವವರಿದ್ದಾರೆ. ಹೊಗೆ ಕೆಟ್ಟದ್ದು, ಮೇಲಾಗಿ ಕಣ್ಣಿನ ಕಡೆ ಪ್ಲೇಟಿನ ಹದ ಹೋಗಿ ಆಮೇಲೆ ಅಲ್ಲೇ ಮುರಿಯುತ್ತದೆ. ಸಾಕೆಟ್, ಉದ್ದದ ಬೋಲ್ಟು, ವಾಶರುಗಳಿಂದ ಒತ್ತಿ ಹೊರಗೆ ತಳ್ಳಿ. ಹೊಸ ಬೋಲ್ಟು ಕನಿಷ್ಠ 8.8 ಗ್ರೇಡ್. ಇಂಚಿನ ಗ್ರೇಡ್ ಆದರೆ ತಲೆಯ ಮೇಲೆ ಮೂರು ಗೆರೆ ಇರುವ 5ನೇ ಗ್ರೇಡ್. ತಲೆಯವರೆಗೂ ಥ್ರೆಡ್ಡಿರುವ ಬೋಲ್ಟು ಕೊಳ್ಳಬೇಡಿ, ಬ್ರಾಕೆಟ್ಟಿನ ತೂತಿನಲ್ಲಿ ಕೂರುವ ಭಾಗ ನಯವಾದ ದಂಡೇ ಆಗಿರಬೇಕು. ಥ್ರೆಡ್ಡು ಕೂತರೆ ಅರದ ಹಾಗೆ ತೂತನ್ನು ತಿಂದು ದೊಡ್ಡದು ಮಾಡುತ್ತದೆ. ಕೊಳವೆಯೊಳಗೆ ತೆಳ್ಳಗೆ ಗ್ರೀಸು ಸವರಿ ಹಾಕಿ. ಕೊನೆಯ ಬಿಗಿ ಜೀಪನ್ನು ಚಕ್ರದ ಮೇಲೆ ನಿಲ್ಲಿಸಿದ ಮೇಲೆಯೇ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ರಿಂಗಿನ ಯು-ಬೋಲ್ಟು ಬಿಚ್ಚಿದ್ದರೆ ಅದೂ ಹೊಸದೇ ಆಗಲಿ. ಒಮ್ಮೆ ಹಿಗ್ಗಿದ್ದು ಮತ್ತೆ ಅದೇ ಬಿಗಿ ಹಿಡಿಯದು.

ಬೇಗ ತಿಂದುಹೋದದ್ದಕ್ಕೆ ಕಾರಣ ಬಹುಶಃ ಮೈಲುತುತ್ತು (ತಾಮ್ರದ ಸಲ್ಫೇಟು). ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಹುಳಿ ಉಳಿದಿದೆಯೋ ನೋಡಲು ಕತ್ತಿಯ ಅಲಗನ್ನು ಅದ್ದುತ್ತೀರಲ್ಲ, ಹುಳಿ ಇದ್ದರೆ ಅಲಗು ಕೆಂಪಾಗುತ್ತದೆ. ಅಲ್ಲಿ ಆಗುವುದು ಕಬ್ಬಿಣ ಕರಗಿ ತಾಮ್ರ ಅದರ ಜಾಗದಲ್ಲಿ ಕೂರುವುದು. ಜೀಪಿನ ಹಿಂದೆ ಸೋರುವ ಡ್ರಮ್ಮು, ಹರಿದ ಚೀಲ ಒಯ್ದರೆ ಚಾಸಿಗೂ ಅದೇ ಆಗುತ್ತದೆ. ಕೂತ ತಾಮ್ರದ ಸುತ್ತ ಕಬ್ಬಿಣ ಇನ್ನೂ ಬೇಗ ಕೊರೆಯುತ್ತದೆ. ಸರಿಯಾಗಿ ಸುಣ್ಣ ಬೆರೆಸಿದ ದ್ರಾವಣದಿಂದ ಹಾನಿ ಕಡಿಮೆ, ಬರೀ ಮೈಲುತುತ್ತಿನ ನೀರಿನಿಂದ ಬಹಳ. ಪೊಟ್ಯಾಶ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಮದ್ದು ಬಿಟ್ಟ ದಿನ ಸಂಜೆಯೇ ಅಡಿಭಾಗಕ್ಕೆ ಪೈಪಿನಿಂದ ಧಾರಾಳ ನೀರು ಹಿಡಿಯಿರಿ.

ಪ್ರಶ್ನೆ: ಮಾರುತಿ 800, ಕಾರ್ಬುರೇಟರ್ ಮಾದರಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚುವಾಗ ಒಂದು ಸ್ಟಡ್ ಹೆಡ್ಡಿಗೆ ಸಮವಾಗಿ ತುಂಡಾಯಿತು. ಈಝಿ ಔಟ್ (ನಡುವೆ ತೂತು ಕೊರೆದು ತೂರಿಸಿ ತಿರುಗಿಸುವ ಸುರುಳಿ ಕೀಲಿ) ಹಾಕಿ ತೆಗೆಯಬಹುದು ಎನ್ನುತ್ತಾರೆ. ಹಾಕಬಹುದೇ? (ಉಪ್ಪಳ)

ಉತ್ತರ: ಹಾಕಬೇಡಿ, ಕೊನೆಯ ದಾರಿಯಾಗಿಯೂ ಬೇಡ. ಪೂರ್ತಿ ಸ್ಟಡ್ಡು ಇದ್ದಾಗಲೇ ಬಾರದ್ದು, ನಡುವೆ ತೂತು ಕೊರೆದು ಬಲಹೀನ ಮಾಡಿದ ಮೇಲೆ ಬಂದೀತೇ? ಮೇಲಾಗಿ ಈಝಿ ಔಟ್ ಬೆಣೆಯಾಗಿ ಒಳಹೋಗುತ್ತ ಸ್ಟಡ್ಡನ್ನು ಹಿಗ್ಗಿಸುತ್ತದೆ, ಹಿಡಿತ ಇನ್ನೂ ಬಿಗಿಯಾಗುತ್ತದೆ. ಒಳಗೆ ಅದೇ ಮುರಿದರೆ ಸಾಮಾನ್ಯ ಡ್ರಿಲ್ಲಿನ ಬಿಟ್ ಅದರ ಮೇಲೆ ಜಾರುತ್ತದೆ, ಕಾರ್ಬೈಡಿನ ಬಿಟ್ ಬೇಕೇ ಆಗುತ್ತದೆ. ಬೆಂಚಿನ ಮೇಲೆ ಸಡಿಲವಾಗಿ ಮುರಿದ ಬೋಲ್ಟಿಗೆ ಅದು ಸರಿ, ತುಕ್ಕು ಹಿಡಿದದ್ದಕ್ಕೆ ಅಲ್ಲ.

ಮಾಡಬೇಕಾದ್ದು ವೆಲ್ಡಿಂಗ್. ಹೆಡ್ಡು ಅಲ್ಯೂಮಿನಿಯಂ, ಸ್ಟಡ್ಡು ಉಕ್ಕು. ಉಕ್ಕಿನ ವೆಲ್ಡು ಅಲ್ಯೂಮಿನಿಯಮ್ಮಿಗೆ ಹಿಡಿಯದು ಎನ್ನುವುದೇ ಇಲ್ಲಿ ಅನುಕೂಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪೆಟ್ರೋಲ್ ಪೈಪು, ಕಾರ್ಬುರೇಟರ್ ದೂರ ಮಾಡಿ. ಹೆಡ್ಡನ್ನೇ ಇಳಿಸಿ ಮೇಜಿನ ಮೇಲೆ ಮಾಡಿದರೆ ಇನ್ನೂ ಕ್ಷೇಮ. ಅರ್ತ್ ಕ್ಲ್ಯಾಂಪನ್ನು ಹೆಡ್ಡಿಗೇ, ಹತ್ತಿರದಲ್ಲಿ ಕೊಡಿ. ಸ್ಟಡ್ಡು ಎಂ8 (8 ಮಿ.ಮೀ. ದಪ್ಪ) ಆದರೆ ಅದರ ಮೇಲೆ ಒಂದು ವಾಶರ್ ಇಟ್ಟು, ವಾಶರಿನ ತೂತಿನೊಳಗೆ ವೆಲ್ಡು ತುಂಬಿಸಿ ಸ್ಟಡ್ಡಿಗೆ ಹಿಡಿಸಿ. 2.5 ಮಿ.ಮೀ. ರಾಡ್, 70-80 ಆಂಪ್ ಸಾಕು, ಮಿಗ್ (ತಂತಿ ತಾನಾಗಿ ಬರುವ ವೆಲ್ಡಿಂಗ್ ಯಂತ್ರ) ಇದ್ದರೆ ಇನ್ನೂ ಚೆಂದ. ಮೇಲಿನ ಕಿಟ್ಟ ತಟ್ಟಿ ತೆಗೆದು ಎಂ10ರ ನಟ್ಟು ಇಟ್ಟು ಅದರ ಒಳಗೂ ತುಂಬಿಸಿ. ನಟ್ಟಿಗೆ ಸತುವಿನ ಲೇಪ ಇದ್ದರೆ ಮೊದಲೇ ಉಜ್ಜಿ ತೆಗೆಯಿರಿ, ಅದರ ಹೊಗೆಗೆ ಜ್ವರ ಬರುತ್ತದೆ.

ಆಮೇಲೆ ಕೈ ಕಟ್ಟಿ ನಿಲ್ಲಿ. ಕೆಂಪಾದ ಸ್ಟಡ್ಡು ಹಿಗ್ಗಲು ಹೋಗಿ, ಜಾಗವಿಲ್ಲದೆ ತನ್ನಲ್ಲೇ ಅದುಮಿಕೊಂಡಿರುತ್ತದೆ. ತಣ್ಣಗಾಗುತ್ತ ಕುಗ್ಗಿದಾಗ ಸಂದಿ ಬಿಡುತ್ತದೆ. ಸ್ಟಡ್ಡು ಬಿಡುವುದು ಈ ಕುಗ್ಗುವಿಕೆಯಿಂದ, ಕೈಬಲದಿಂದಲ್ಲ. ಬಿಸಿ ಕೈಗೆ ತಾಳುವಷ್ಟಾದಾಗ ಎಣ್ಣೆ ಬಿಟ್ಟು, ಸಣ್ಣ ಸ್ಪ್ಯಾನರಿನಿಂದ ಹಿಂದೆ ಮುಂದೆ ಆಡಿಸಿ. ವೆಲ್ಡು ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ನಟ್ಟು ಹಾಕಿ. ಪ್ರತಿ ಸಲದ ಬಿಸಿಯೂ ಸ್ಟಡ್ಡನ್ನು ಸಡಿಲಿಸುತ್ತಲೇ ಇರುತ್ತದೆ. ನೀರು ಎರಚಿ ಬೇಗ ತಣಿಸುವ ಆಸೆ ಬೇಡ, ಹೆಡ್ಡು ಸೊಟ್ಟಗಾಗುತ್ತದೆ.

ವೆಲ್ಡಿಂಗಿಗೆ ಜಾಗವೇ ಇಲ್ಲದಿದ್ದರೆ ಡ್ರಿಲ್. ಮುರಿದ ಮುಖವನ್ನು ಅರದಿಂದ ಸಮ ಮಾಡಿ, ನಟ್ಟನಡುವೆ ಸೆಂಟರ್ ಪಂಚ್ ಹಾಕಿ. ನಡು ತಪ್ಪಿದರೆ ಡ್ರಿಲ್ಲಿನ ಬಿಟ್ ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಓಡುತ್ತದೆ. 3 ಮಿ.ಮೀ. ಕೋಬಾಲ್ಟ್ ಬಿಟ್ ಹಾಕಿ, ವೇಗ ಕಡಿಮೆ, ಒತ್ತಡ ಹೆಚ್ಚು, ಎಣ್ಣೆ ನಿಲ್ಲದೆ. ಆಮೇಲೆ 4.5, ಆಮೇಲೆ 6. ಎಂ8ರ ಟ್ಯಾಪಿಗೆ (ಥ್ರೆಡ್ಡು ಕೊರೆಯುವ ಉಪಕರಣ) ತೂತು 6.8 ಮಿ.ಮೀ. ನಡು ಸರಿ ಬಂದಿದ್ದರೆ ಇಷ್ಟಕ್ಕೆ ಹಳೆ ಥ್ರೆಡ್ಡು ಸುರುಳಿಯಾಗಿ ಸೂಜಿಯ ಮೊನೆಗೆ ಎದ್ದು ಬರುತ್ತದೆ. ತಪ್ಪಿದ್ದರೆ 8.3 ಮಿ.ಮೀ.ಗೆ ಕೊರೆಸಿ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿ ಸುರುಳಿ) ಹಾಕಿಸಿ, ಅದಕ್ಕೆ ಬೇರೆಯೇ ಟ್ಯಾಪ್ ಉಂಟು. ಎಷ್ಟು ಆಳ ಎಂಬುದನ್ನು ಬಿಟ್ಟಿಗೆ ಟೇಪು ಸುತ್ತಿ ಗುರುತಿಟ್ಟುಕೊಳ್ಳಿ. ಹೆಡ್ಡಿನಲ್ಲಿ ಸ್ಟಡ್ಡಿನ ತೂತಿನ ಹಿಂದೆಯೇ ನೀರಿನ ದಾರಿ ಇರಬಹುದು.

ಉಳಿದ ಸ್ಟಡ್ಡುಗಳ ನಟ್ಟಿಗೆ ಗ್ಯಾಸ್ ಟಾರ್ಚಿನಿಂದ ಬಿಸಿ ಕೊಡಿ, ಸ್ಟಡ್ಡಿಗಲ್ಲ, ನಟ್ಟಿಗೆ. ಮಂದ ಕೆಂಪಾಗುವಾಗ ಬೆಂಕಿ ತೆಗೆದು, ಕೆಂಪು ಮಾಸಿದ ಮೇಲೆ ಮೇಣದಬತ್ತಿಯನ್ನು ಥ್ರೆಡ್ಡಿಗೆ ತಾಗಿಸಿ. ಕರಗಿದ ಮೇಣ ಒಳಕ್ಕೆ ಎಳೆದುಕೊಳ್ಳುತ್ತದೆ. ಉರಿ ಹೆಡ್ಡಿನ ಕಡೆಗೆ ತಿರುಗದಿರಲಿ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವ ಲೋಹವಲ್ಲ, 660 ಡಿಗ್ರಿ ಮುಟ್ಟುವ ಮೊದಲೇ ಹೆಡ್ಡಿನ ಮಿಶ್ರಲೋಹ ಒಮ್ಮೆಲೇ ಕುಸಿಯುತ್ತದೆ. ನಟ್ಟಿನ ಜತೆ ಸ್ಟಡ್ಡೇ ಪೂರ್ತಿ ಬಿಚ್ಚಿ ಬಂದರೆ ಸಂತೋಷಪಡಿ.

ಒಂದು ಎಚ್ಚರಿಕೆ: ಬಿಸಿ ಕೊಡುವ ಅಥವಾ ವೆಲ್ಡ್ ಮಾಡುವ ಜಾಗವನ್ನು ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆಯಬಾರದು. ಆ ಶಾಖಕ್ಕೆ ಅದು ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ.

ಪ್ರಶ್ನೆ: ಯಮಹಾ ಆರ್‌ಎಕ್ಸ್ 100ರ ಕ್ಲಚ್ ಕಡೆಯ ಕವರಿನ ಸ್ಟಾರ್ ಸ್ಕ್ರೂಗಳು ಬರುತ್ತಿಲ್ಲ. ಎರಡರ ತಲೆ ಆಗಲೇ ಸವೆದು ಗುಂಡಗಾಗಿದೆ. (ಮಡಕಶಿರ)

ಉತ್ತರ: ಅವು ಜಪಾನಿನ ಜೆಐಎಸ್ ಮಾದರಿಯ ಸ್ಕ್ರೂ. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರ ತಳ ಮುಟ್ಟುವ ಮೊದಲೇ ಮೇಲಕ್ಕೆ ಏರಿ ಅಂಚು ಕೆರೆಯುತ್ತದೆ. ಸುತ್ತಿಗೆಯಿಂದ ಹೊಡೆಯುವ ಕೈ ಇಂಪ್ಯಾಕ್ಟ್ ಡ್ರೈವರ್, ಅದಕ್ಕೆ 3ನೇ ನಂಬರಿನ ಬಿಟ್ ತನ್ನಿ, ಬೆಲೆ ಹೆಚ್ಚೇನಿಲ್ಲ. ಮೊದಲು ಸ್ಕ್ರೂ ತಲೆಯ ಸೀಳಿನ ಮಣ್ಣನ್ನು ಮೊಳೆಯಿಂದ ಕೆದಕಿ ಖಾಲಿ ಮಾಡಿ. ಬಿಟ್ಟಿನ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಚೂರು ಹಚ್ಚಿದರೆ ಹಿಡಿತ ಬರುತ್ತದೆ. ಡ್ರೈವರನ್ನು ಬಿಚ್ಚುವ ಕಡೆಗೆ ತಿರುಚಿ ಹಿಡಿದೇ ಒಂದು ನೇರ ಏಟು ಹಾಕಿ. ಮೆತ್ತಗೆ ಹತ್ತು ಏಟಿಗಿಂತ ಗಟ್ಟಿ ಒಂದು ಏಟು ಲೇಸು.

ಗುಂಡಗಾದ ಎರಡರ ತಲೆಯನ್ನೇ ಕೊರೆದು ಹಾರಿಸಿ. ಸ್ಕ್ರೂ ಎಂ6, ಹಾಗಾಗಿ 6.5 ಮಿ.ಮೀ. ಬಿಟ್ ಹಾಕಿ. ತಲೆ ಉಂಗುರವಾಗಿ ಕಳಚುತ್ತದೆ. ಗೇರ್ ಆಯಿಲ್ ಇಳಿಸಿ ಕವರ್ ತೆಗೆದರೆ ಕವರಿನ ದಪ್ಪದಷ್ಟು ದಂಡು ಹೊರಗೆ ನಿಂತಿರುತ್ತದೆ. ಅಷ್ಟರಲ್ಲಿ ಬಿಗಿಯೂ ಇಳಿದಿರುತ್ತದೆ, ವೈಸ್ ಗ್ರಿಪ್ಪಿಗೆ (ಕಚ್ಚಿ ನಿಲ್ಲುವ ಇಕ್ಕಳ) ಸಲೀಸಾಗಿ ಬರುತ್ತದೆ.

ಹೊಸದಾಗಿ ಅಲೆನ್ ಸ್ಕ್ರೂ ಹಾಕುವುದು ಒಳ್ಳೆಯದು. ಉದ್ದಗಳು ಬೇರೆ ಬೇರೆ, ಆದ್ದರಿಂದ ರಟ್ಟಿನ ಮೇಲೆ ಕವರಿನ ಆಕಾರ ಬರೆದು ತೆಗೆದದ್ದನ್ನು ಅದರ ಜಾಗಕ್ಕೇ ಚುಚ್ಚಿಡಿ. ಅಲೆನ್ ಕೀಲಿ ಹಾಕಿದಾಗ ಕೈಗೆ ಬಲ ಹೆಚ್ಚು ಸಿಗುತ್ತದೆ, ಕೇಸಿನ ಥ್ರೆಡ್ಡು ಅಲ್ಯೂಮಿನಿಯಂ. 8-10 ನ್ಯೂಟನ್ ಮೀಟರ್ ಮೀರಬೇಡಿ. ಕೀಲಿಯ ಗಿಡ್ಡ ತುದಿ ಹಿಡಿದು ಬಿಗಿದಷ್ಟು ಎಂದುಕೊಳ್ಳಿ.

ಪ್ರಶ್ನೆ: ಮೀನಿನ ಪೆಟ್ಟಿಗೆ ಸಾಗಿಸುವ ಓಮ್ನಿ. ಹಿಂದಿನ ಚಕ್ರದ ಬ್ರೇಕ್ ಬ್ಲೀಡ್ ಮಾಡುವ (ಆಯಿಲಿನಲ್ಲಿ ಸೇರಿದ ಗಾಳಿ ತೆಗೆಯುವ) ನಿಪ್ಪಲ್ ತುಕ್ಕು ಹಿಡಿದು ತಿರುಗುವುದಿಲ್ಲ. ಬಿಸಿ ಮಾಡಬಹುದೇ? (ಕುಂಬಳೆ)

ಉತ್ತರ: ಬೇಡ. ವೀಲ್ ಸಿಲಿಂಡರಿನ ಒಳಗೆ ರಬ್ಬರಿನ ಕಪ್, ಬ್ರೇಕ್ ಆಯಿಲ್ ಎರಡೂ ಇವೆ. ಆ ಕಪ್ ಸುಟ್ಟರೆ ಬ್ರೇಕು ಹೋಗುತ್ತದೆ, ಆಯಿಲ್ ಹೊತ್ತಿಕೊಳ್ಳಬಹುದು.

ನಿಪ್ಪಲ್ ನಡುವೆ ಟೊಳ್ಳು, ಆದ್ದರಿಂದಲೇ ಬೇಗ ಮುರಿಯುತ್ತದೆ. ಒಂದು ದಿನ ಎಣ್ಣೆ ಬಿಟ್ಟು, ಅದರ ತೂತಿಗೆ ಸರಿಹೋಗುವ ಡ್ರಿಲ್ ಬಿಟ್ಟಿನ ನಯವಾದ ಬುಡವನ್ನು ಒಳಗೆ ತೂರಿಸಿ. ಒಳಗಿನಿಂದ ಆಸರೆ ಸಿಕ್ಕಿದರೆ ಟೊಳ್ಳು ಅದುಮಿಹೋಗದು. ಸುತ್ತಲ ಸಿಲಿಂಡರನ್ನು ಸುತ್ತಿಗೆಯಿಂದ ಹಗುರಾಗಿ ತಟ್ಟಿ, ಆರು ಮೂಲೆಯ ಸಾಕೆಟ್ಟಿನಿಂದ ಬಿಗಿಯುವ ಕಡೆ ಚೂರು, ಬಿಚ್ಚುವ ಕಡೆ ಚೂರು. ಬಾರದಿದ್ದರೆ ಹಟ ಬೇಡ, ಸಿಲಿಂಡರನ್ನೇ ಬದಲಿಸಿ.

ಆಗ ಎದುರಾಗುವುದು ಬ್ರೇಕ್ ಪೈಪಿನ ನಟ್ಟು. ಅದಕ್ಕೆ ಓಪನ್ ಸ್ಪ್ಯಾನರ್ ಹಾಕಲೇಬಾರದು, ಬಾಯಿ ಸೀಳಿದ ರಿಂಗಿನಂತಿರುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ನಟ್ಟಿನ ಜತೆ ಪೈಪೂ ತಿರುಚುತ್ತಿದೆಯೇ ಎಂದು ಒಂದು ಕಣ್ಣಿಟ್ಟಿರಿ. ತಿರುಚಿದರೆ ಪೈಪನ್ನು ಕತ್ತರಿಸಿ ಹೊಸದು ಹಾಕುವುದೇ ಸರಿ, ಏಕೆಂದರೆ ತಿರುಚಿದ ಬ್ರೇಕ್ ಪೈಪು ಆಮೇಲೆ ಎಂದಾದರೂ ಬಿರಿಯುತ್ತದೆ. ಹೊಸ ನಿಪ್ಪಲಿಗೆ ರಬ್ಬರ್ ಟೋಪಿ ಮರೆಯಬೇಡಿ. ಮಂಜುಗಡ್ಡೆ ಕರಗಿದ ಉಪ್ಪುನೀರು ನಿಮ್ಮ ಗಾಡಿಯಲ್ಲಿ ನೇರ ಅಲ್ಲಿಗೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ನಮ್ಮ ಹಳೇ ಲಾರಿ ಎಡಗಡಿ ಗಾಲಿ ನಟ್ಟ ಬಿಚ್ಚವಲ್ಲವು. ನಾಕ ಫೂಟಿನ ಪೈಪ ಹಾಕಿ ಇಬ್ಬರು ಜಗ್ಗಿದ್ರೂ ಅಲುಗವಲ್ಲವು. ಬಲಗಡಿವು ಸುಮ್ನ ಬಂದವು. ಏನ ಮಾಡೋದ್ರಿ? (ಜತ್ತ)

ಉತ್ತರ: ಜಗ್ಗುವುದನ್ನು ನಿಲ್ಲಿಸಿ, ಸ್ಟಡ್ಡಿನ ತುದಿಯನ್ನು ಬ್ರಶ್ಶಿನಿಂದ ಉಜ್ಜಿ ನೋಡಿ. ಇಂಗ್ಲಿಷಿನ 'ಎಲ್' ಅಕ್ಷರ ಕೆತ್ತಿದ್ದರೆ ಅದು ಎಡ ಥ್ರೆಡ್ಡು, ನೀವು ಇಷ್ಟು ಹೊತ್ತು ಬಿಗಿಯುತ್ತಿದ್ದಿರಿ. ಹಳೆಯ ಕೆಲವು ಲಾರಿಗಳಲ್ಲಿ, ವಿಲ್ಲೀಸ್ ಕಾಲದ ಜೀಪುಗಳಲ್ಲಿ ಎಡ ಚಕ್ರಗಳಿಗೆ ಎಡ ಥ್ರೆಡ್ಡೇ ಇರುತ್ತಿತ್ತು, ಓಡುವಾಗ ತಾನಾಗಿ ಸಡಿಲವಾಗದಿರಲೆಂದು. ಅಕ್ಷರ ಮಾಸಿದ್ದರೆ ಹೊರಗೆ ಕಾಣುವ ಥ್ರೆಡ್ಡಿನ ವಾಲುವಿಕೆಯನ್ನು ಬಲಗಡೆಯದರ ಜತೆ ಹೋಲಿಸಿ. ಎಡ ಥ್ರೆಡ್ಡೇ ಆಗಿದ್ದಲ್ಲಿ ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಅಷ್ಟು ಜಗ್ಗಿದ ಮೇಲೆ ಸ್ಟಡ್ಡು ಹಿಗ್ಗಿರಬಹುದು. ನಟ್ಟು ಕೈಯಿಂದ ಸಲೀಸಾಗಿ ಓಡದಿದ್ದರೆ ಆ ಸ್ಟಡ್ಡು ಬದಲಿಸಿ.

ಬಲ ಥ್ರೆಡ್ಡೇ ಆಗಿದ್ದು, ನಟ್ಟಿನ ಮೂಲೆಯೂ ಹೋಗಿದ್ದರೆ ನಟ್ಟನ್ನು ಸೀಳಿ. ಒಂದು ಬದಿಗೆ ಸ್ಟಡ್ಡಿಗೆ ಸಮಾಂತರವಾಗಿ ಗ್ರೈಂಡರಿನಿಂದ ಗೆರೆ ಕೊಯ್ದು, ಥ್ರೆಡ್ಡು ಮುಟ್ಟಲು ಚೂರೇ ಬಾಕಿ ಇರುವಾಗ ನಿಲ್ಲಿಸಿ. ಚಾಣ ಇಟ್ಟು ಹೊಡೆದರೆ ನಟ್ಟು ಬಾಯಿ ಬಿಡುತ್ತದೆ. ಗಾಲಿ ನಟ್ಟಿಗೆ ಗ್ಯಾಸ್ ಬೆಂಕಿ ಬೇಡ. ಸ್ಟಡ್ಡಿನ ಹದ ಹೋಗುತ್ತದೆ, ಟಯರಿಗೂ ಅಪಾಯ.

ಪ್ರಶ್ನೆ: ಮತ್ತೆ ತುಕ್ಕು ಹಿಡಿಯದಂತೆ ಜೋಡಿಸುವಾಗ ಏನು ಹಚ್ಚಬೇಕು? ಸ್ಟೇನ್‌ಲೆಸ್ ಬೋಲ್ಟು ಹಾಕಿದರೆ ಆಗದೇ? (ತಾಳವಾಡಿ)

ಉತ್ತರ: ಬಿಸಿ ತಾಗುವ ಎಕ್ಸಾಸ್ಟ್ ಕಡೆಗೆ ತಾಮ್ರದ ಆಂಟಿ ಸೀಝ್ (ಥ್ರೆಡ್ಡು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟು), ಚಾಸಿ-ಸ್ಪ್ರಿಂಗಿನ ಕಡೆಗೆ ಸಾಮಾನ್ಯ ಗ್ರೀಸೂ ಆದೀತು. ಥ್ರೆಡ್ಡಿನ ತಗ್ಗುಗಳಲ್ಲಿ ತೆಳ್ಳಗೆ ಕೂತರೆ ಸಾಕು, ಹೊರಗೆ ಉಕ್ಕುವುದು ಬೇಡ. ಗ್ರೀಸಿದ್ದಾಗ ಅದೇ ಜೋರಿಗೆ ಬೋಲ್ಟು ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಪುಸ್ತಕದಲ್ಲಿ ಹೇಳಿದ ಬಿಗಿಗಿಂತ ಕಾಲು ಭಾಗದಷ್ಟು ಕಡಿಮೆ ಮಾಡಿ. ಎಕ್ಸಾಸ್ಟ್ ಸ್ಟಡ್ಡಿಗೆ ಹಿತ್ತಾಳೆಯ ನಟ್ಟು ಸಿಕ್ಕರೆ ಅದನ್ನೇ ಹಾಕಿ, ಅದು ಉಕ್ಕಿಗೆ ತುಕ್ಕಿನಿಂದ ಅಂಟದು.

ಸ್ಟೇನ್‌ಲೆಸ್ ನೋಡಲು ಚೆಂದ. ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎ2-70 ಸ್ಟೇನ್‌ಲೆಸ್ ಬೋಲ್ಟು 8.8ರಷ್ಟು ಗಟ್ಟಿಯಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಒಣಗಿದ್ದಂತೆ ಬಿಗಿದರೆ ತುಕ್ಕಿಲ್ಲದೆಯೇ ಕಚ್ಚಿಕೊಳ್ಳುತ್ತದೆ, ಆಮೇಲೆ ಕತ್ತರಿಸುವುದೇ ಗತಿ. ಅಲ್ಯೂಮಿನಿಯಮ್ಮಿನಲ್ಲಿ ಕೂರಿಸಿದರೆ ನೀರು ತಾಗಿದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನಂಬರ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಹಾಕಿ. ಸಸ್ಪೆನ್ಶನ್, ಸ್ಟಿಯರಿಂಗ್, ಬ್ರೇಕಿಗೆ ಬೇಡ.

ಗಾಲಿ ನಟ್ಟಿನ ಓರೆ ಮುಖಕ್ಕೆ, ಬ್ರೇಕ್ ಶೂ ಮತ್ತು ಪ್ಯಾಡಿನ ಮುಖಕ್ಕೆ ಏನನ್ನೂ ಹಚ್ಚಬಾರದು. ಗಾಲಿ ನಟ್ಟನ್ನು ಟಯರ್ ಅಂಗಡಿಯ ಗಾಳಿಯ ಗನ್ನಿನಿಂದ ಪೂರ್ತಿ ಬಿಗಿಯಲು ಬಿಡಬೇಡಿ, ಕೊನೆಯ ಬಿಗಿ ಕೈಯಿಂದಾಗಲಿ. 50-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.